ಒಂಬತ್ತನೇ ನಂಬರಿನ ಕೊನೆಯ ಸ್ಟಾಪು

ನಮ್ಮ ಊರಿನಲ್ಲಿ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ನಡೆದು ಹೋಗಲು ಆಗುವುದಿಲ್ಲ. ಕೊನೆಯ ಮನೆ ದಾಟಿ ಎಷ್ಟು ದೂರ ನಡೆದರೂ ಅದೇ ಕೇರಿಯ ಮೊದಲನೇ ಮನೆಯ ಮುಂದೆ ಬಂದು ನಿಲ್ಲುತ್ತೀರಿ. ಸೈಕಲ್ಲಿನಲ್ಲಿ ಹೋದರೂ ಅಷ್ಟೆ, ಎತ್ತಿನ ಗಾಡಿ ಕಟ್ಟಿದರೂ ಅಷ್ಟೆ. ಬಸ್ಸಿನಲ್ಲಿ ಕೂತರೆ ಮಾತ್ರ ಮುಟ್ಟುತ್ತೀರಿ. ಆದ್ದರಿಂದ ನಮ್ಮಲ್ಲಿ ಊರಿನ ಚರಿತ್ರೆ ಎಂದರೂ ಒಂದೇ, ಬಸ್ ಕಂಪನಿಯ ಚರಿತ್ರೆ ಎಂದರೂ ಒಂದೇ. ಆ ಚರಿತ್ರೆಯನ್ನು ಇಷ್ಟು ದಿನ ಕಂಪನಿಯವರೇ ಹೇಳುತ್ತಾ ಬಂದಿದ್ದಾರೆ. ಪ್ರತಿ ಆಯುಧಪೂಜೆಗೆ ಡಿಪೋದಲ್ಲಿ ಶಾಮಿಯಾನ ಹಾಕಿಸಿ, ಮೈಕಿನಲ್ಲಿ ಹೇಳಿ, ನಮಗೆಲ್ಲ ಒಂದೊಂದು ಲಾಡು ಕೊಟ್ಟು ಕಳಿಸುತ್ತಾರೆ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಂಡಕ್ಟರ್ ಚೀಲ ನೇತುಹಾಕಿಕೊಂಡವನು. ಅವರ ಹಾಗೆ ಮಾತು ಕಟ್ಟಲು ಬರುವುದಿಲ್ಲ. ಅವರು ಮೈಕಿನಲ್ಲಿ ನುಂಗಿಕೊಳ್ಳುವ ಭಾಗವನ್ನಷ್ಟೇ ನಾನು ಬರೆಯುತ್ತೇನೆ.

ಕಂಪನಿ ಶುರು ಮಾಡಿದವನು ಚೌಡಪ್ಪ. ಈಗ ಚೌಡಪ್ಪನವರು ಎನ್ನಬೇಕಂತೆ. ನಮ್ಮ ಕೇರಿಯಲ್ಲೇ ಜಟಕಾ ಹೊಡೆಯುತ್ತಿದ್ದ ಮನುಷ್ಯ. ಎಲ್ಲಿಂದಲೋ ಒಂದು ಹಳೇ ಲಾರಿ ಅವನ ಕೈಗೆ ಬಂತು. ಹೇಗೆ ಬಂತೆಂದು ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದರ ಹಿಂದೆ ಹಲಗೆ ಬಡಿದು, ಮೇಲೆ ಟಾರ್ಪಾಲು ಕಟ್ಟಿ, ಒಂದಿಬ್ಬರು ಉಂಡಾಡಿಗಳನ್ನು ಕೂರಿಸಿಕೊಂಡು ಕೊನೆಯ ಮನೆ ದಾಟಿ ಹೊರಟ. ಹೋಗಿ ಮುಟ್ಟಿದ್ದು ನೇಕಾರರ ಕೇರಿಗೆ. ಅಲ್ಲಿಯವರು ತಮ್ಮನ್ನು ಬಿಟ್ಟು ಬೇರೆ ಮುಖವನ್ನೇ ಕಂಡವರಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡರಂತೆ. ಒಬ್ಬಳು ಮುದುಕಿ ಮಾತ್ರ ಚೊಂಬಿನಲ್ಲಿ ನೀರು ತಂದುಕೊಟ್ಟು, "ಆ ಕಡೀಕೂ ಜನ ಅವ್ರಾ?" ಎಂದಳಂತೆ. ಇದನ್ನು ಮಾತ್ರ ಕಂಪನಿಯವರು ಮೈಕಿನಲ್ಲಿ ಚೆನ್ನಾಗಿ ಹೇಳುತ್ತಾರೆ. ಲಾಡು ತಿನ್ನುತ್ತಾ ನಾವೂ ಕೇಳುತ್ತೇವೆ.

ದಾರಿಗಳು ತಾವಾಗಿ ಹುಟ್ಟುತ್ತವೆ. ನಿನ್ನೆ ಬರೀ ಬೇಲಿ ಇದ್ದ ಕಡೆ ಇವತ್ತು ಬೆಳಿಗ್ಗೆ ಒಂದು ತಿರುವು ಕಾಣುತ್ತದೆ, ಬಸ್ಸು ತಿರುಗಿಸಿಕೊಂಡು ಹೋದರೆ ಹೊಸ ಜಾಗ. ಆದರೆ ಹುಟ್ಟಿದ ದಾರಿ ಉಳಿಯಬೇಕಾದರೆ ಆ ದಿನದಿಂದಲೇ, ದಿನ ತಪ್ಪದೆ, ಕೊನೆಯ ಸ್ಟಾಪಿನಲ್ಲಿ ಒಬ್ಬರಾದರೂ ಇಳಿಯಬೇಕು, ಒಬ್ಬರಾದರೂ ಹತ್ತಬೇಕು. ಡ್ರೈವರ್ ಕಂಡಕ್ಟರ್ ಲೆಕ್ಕಕ್ಕಿಲ್ಲ. ಇಳಿದವರು ಅದೇ ಟ್ರಿಪ್ಪಿಗೆ ತಿರುಗಿ ಹತ್ತಿದರೂ ಲೆಕ್ಕಕ್ಕಿಲ್ಲ, ಬಸ್ಸು ಡಿಪೋ ಮುಟ್ಟಿ ಮತ್ತೆ ಬರಬೇಕು. ಒಂದು ದಿನ ತಪ್ಪಿತೋ, ಮಾರನೇ ದಿನ ದಾರಿ ಇರುವುದಿಲ್ಲ. ಹೋದ ಬಸ್ಸು ಸುತ್ತಿಕೊಂಡು ಡಿಪೋ ಗೇಟಿಗೇ ಬರುತ್ತದೆ. ಹಾಗೆ ಮುಚ್ಚಿದ ದಾರಿ ಮತ್ತೆ ತೆರೆದದ್ದನ್ನು ಯಾರೂ ಕಂಡಿಲ್ಲ. ಚೌಡಪ್ಪನ ಕಾಲದಲ್ಲೇ ಕುಂಬಾರಗುಂಡಿ ಎಂಬ ಕೇರಿ ಹೀಗೆ ಹೋಯಿತಂತೆ. ಆಮೇಲೆ ಅವನು ಹೆದರಿಕೊಂಡು ಪ್ರತಿಯೊಂದು ನಂಬರಿಗೂ ಒಬ್ಬೊಬ್ಬ ಆಳನ್ನು ಸಂಬಳಕ್ಕಿಟ್ಟ. ಇಳಿಯುವ ಆಳು ಎಂದೇ ಹೆಸರು. ಜನ ಇರಲಿ ಬಿಡಲಿ, ಬೆಳಗಿನ ಬಸ್ಸಿನಲ್ಲಿ ಹೋಗಿ ಇಳಿಯುವುದು, ಸಂಜೆಯ ಬಸ್ಸು ಹತ್ತಿ ಬರುವುದು. ಅಷ್ಟೇ ಕೆಲಸ.

ನಮ್ಮವ್ವ ಕೆಂಚಮ್ಮ ಒಂಬತ್ತನೇ ನಂಬರಿನ ಇಳಿಯುವ ಆಳು. ಒಂಬತ್ತು ಹೋಗುತ್ತಿದ್ದದ್ದು ಸುಣ್ಣದಗೂಡಿಗೆ. ಅದು ಅವ್ವನ ತವರು. ಅಲ್ಲಿ ಇರುವವರೆಲ್ಲ ಸುಣ್ಣದ ಕಲ್ಲು ಸುಡುವವರು. ಗೋಡೆ ಬಿಳಿ, ಮರದ ಎಲೆ ಬಿಳಿ, ಎಮ್ಮೆಗಳ ಬೆನ್ನೂ ಬಿಳಿ. ಅಪ್ಪ ಸತ್ತ ಮೇಲೆ ನನ್ನನ್ನೂ ಅಕ್ಕ ಚೆನ್ನಾಜಿಯನ್ನೂ ಅವ್ವ ಸಾಕಿದ್ದು ಈ ಕೆಲಸದಲ್ಲೇ. ಡಿಪೋದ ಜನ ರೇಗಿಸುತ್ತಿದ್ದರು.

"ಏನ್ ಕೆಂಚಮ್ಮ, ಇವತ್ತು ಬಲಗಾಲಿಟ್ಟು ಇಳಿದ್ಯೋ ಎಡಗಾಲಿಟ್ಟೋ?"

"ಎರಡೂ ಕಾಲಿಟ್ಟೆ ಕಣಪ್ಪ. ಸಂಬಳ ಮಾತ್ರ ನಿಮ್ ಧಣಿ ಒಂದೇ ಕಾಲಿಂದು ಕೊಟ್ಟವ್ನೆ."

ಅಕ್ಕನನ್ನು ಅಲ್ಲಿಗೇ ಕೊಟ್ಟೆವು, ಗುರುಸಿದ್ಧ ಎಂಬ ಗೂಡಿನ ಕೆಲಸಗಾರನಿಗೆ. ಭಾವ ಮಾತು ಕಡಿಮೆಯ ಆಸಾಮಿ. ಬೈದರೂ ತಲೆ ಅಲ್ಲಾಡಿಸುತ್ತಾನೆ, ಹೊಗಳಿದರೂ ತಲೆ ಅಲ್ಲಾಡಿಸುತ್ತಾನೆ. ನನಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಅವ್ವನಿಗೆ ಮಾತ್ರ ಅವನು ಬಂಗಾರ. ದಿನಾ ಅಲ್ಲಿ ಇಳಿದು, ಮಗಳ ಮನೆಯಲ್ಲಿ ಒಂದು ಮುದ್ದೆ ಉಂಡು, ಮೊಮ್ಮಗನ ಮೂಗು ಒರೆಸಿ, ಸಂಜೆ ಬಸ್ಸಿಗೆ ಬರುತ್ತಿದ್ದಳು. ಸೆರಗಿನ ತುಂಬ ಬಿಳಿ ಧೂಳು.

ಚೌಡಪ್ಪನ ಮೊಮ್ಮಗ ಪಟ್ಟಕ್ಕೆ ಬಂದ ಮೇಲೆ ಕೆಟ್ಟಿತು. ಅವನನ್ನು ನಾವು ಸಣ್ಣ ಧಣಿ ಅನ್ನುತ್ತೇವೆ. ಅವನು ಟ್ರಾಫಿಕ್ ಮ್ಯಾನೇಜರ್ ಅಂತ ಶೇಷಗಿರಿ ಎಂಬುವರನ್ನು ತಂದು ಕೂರಿಸಿದ. ಶೇಷಗಿರಿ ಕೆಟ್ಟವರೇನಲ್ಲ, ಆದರೆ ಕಂಪನಿಯ ಡೀಸೆಲ್ಲು ತಮ್ಮ ಮೈಯ ರಕ್ತ ಅನ್ನುವ ಹಾಗೆ ಆಡುವವರು. ಇಬ್ಬರೂ ಸೇರಿ ಒಂದು ದಿನ ಇಳಿಯುವ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಬಸ್ಸಿಂದ ಇಳಿಯೋದಕ್ಕೂ ಸಂಬಳ ಕೊಡೋ ಕಂಪನಿ ಪ್ರಪಂಚದಲ್ಲಿ ಎಲ್ಲಾದ್ರೂ ಇದೆಯೇನ್ರೀ?" ಎಂದು ಕೇಳಿ ಮನೆಗೆ ಕಳಿಸಿದರು. ದಾರಿ ಬೇಕಾದವರು ತಾವೇ ಇಳಿದು ಹತ್ತಿ ಉಳಿಸಿಕೊಳ್ಳಲಿ ಎಂದರು.

ಜನ ಉಳಿಸಿಕೊಂಡರು. ಅದೇ ನನಗೆ ಹೊಟ್ಟೆ ಉರಿಯುವುದು. ನಮ್ಮ ಜನ ಯಾರು ಏನು ಮಾಡಿದರೂ ಹೊಂದಿಕೊಳ್ಳುತ್ತಾರೆ. ದೊಡ್ಡ ಕೇರಿಗಳಿಗೆ ತೊಂದರೆಯಾಗಲಿಲ್ಲ, ಅಲ್ಲಿ ಸಂತೆ, ಕಚೇರಿ, ಆಸ್ಪತ್ರೆ ಎಂದು ಜನ ಓಡಾಡುತ್ತಲೇ ಇರುತ್ತಾರೆ. ಸುಣ್ಣದಗೂಡಿನಲ್ಲಿ ಆಗಲೇ ಮನೆಗಳು ಖಾಲಿಯಾಗುತ್ತಿದ್ದವು, ಎಲ್ಲರೂ ಡಬ್ಬದ ಬಣ್ಣ ಬಳಿಯುವಾಗ ಸುಣ್ಣ ಯಾರಿಗೆ ಬೇಕು? ಅವರು ಮನೆ ಮನೆಗೆ ಸರದಿ ಹಾಕಿಕೊಂಡರು. ಸರದಿಯವರು ಬೆಳಿಗ್ಗೆ ಹತ್ತಿ ನಮ್ಮ ಕೇರಿಗೆ ಬಂದು, ಡಿಪೋ ಕಟ್ಟೆಯ ಮೇಲೆ ಹಗಲೆಲ್ಲ ಕೂತು, ಸಂಜೆ ಹೋಗಿ ಇಳಿಯುವುದು. ಕೂಲಿ ಹೋಯಿತು, ಗೂಡು ಆರಿತು, ಆದರೂ ಸರದಿ ತಪ್ಪಲಿಲ್ಲ. ಅದರಲ್ಲೂ ಜಗಳ. ಒಂದು ಮನೆಯವರು ಸೋಮಾರಿತನ ಮಾಡಿ ಕೈಕೂಸನ್ನು ಯಾರದೋ ಕಂಕುಳಲ್ಲಿ ಕಳಿಸಿದರು. ಕಾಲು ನೆಲಕ್ಕೆ ತಾಗದೆ ಇಳಿದರೆ ಇಳಿದ ಹಾಗೋ ಅಲ್ಲವೋ ಎಂದು ಪಂಚಾಯ್ತಿ ಸೇರಿತು. ಕೊನೆಗೆ ಕೂಸನ್ನು ಸ್ಟಾಪಿನ ಕಲ್ಲಿನ ಮೇಲೆ ನಿಲ್ಲಿಸಿ ಕಾಲು ಒತ್ತಿಸಿದರು. ಮಾರನೇ ದಿನ ದಾರಿ ಇತ್ತು. ಕೂಸಿನಿಂದ ಇತ್ತೋ, ಎತ್ತಿಕೊಂಡವಳಿಂದ ಇತ್ತೋ, ದೇವರಿಗೇ ಗೊತ್ತು.

ಅವ್ವ ಸಂಬಳ ಹೋದರೂ, ಅಕ್ಕನ ಮನೆಯ ಸರದಿ ಬಂದಾಗಲೆಲ್ಲ ತಾನೇ ಹೋಗಿ ಇಳಿಯುವುದನ್ನು ಬಿಡಲಿಲ್ಲ. "ನಾನು ಇಳಿದ್ರೆ ಒಬ್ರು ಮನೇಲಿ ಉಳೀತಾರೆ" ಎಂದು ಹೋಗುತ್ತಿದ್ದಳು. ಎದೆನೋವು ಬಂದು ನಮ್ಮ ಕೇರಿಯ ಆಸ್ಪತ್ರೆ ಸೇರುವವರೆಗೂ ಹೋದಳು. ಭಾವ ಬಂದು ಅವಳ ಮಂಚದ ಪಕ್ಕ ಕೂತ. ನಾನು ಡ್ಯೂಟಿಗೆ ಹೋಗುತ್ತಿದ್ದೆ, ಅವನು ಕಫ ಬಳಿಯುತ್ತಿದ್ದ. ಒಂದು ಬೆಳಿಗ್ಗೆ ಅವ್ವ ಹೋದಳು. ಮಣ್ಣು ತವರಿನಲ್ಲೇ ಆಗಬೇಕೆಂದು ಮೊದಲೇ ಹೇಳಿದ್ದಳು.

ಶೇಷಗಿರಿಯವರ ಹತ್ತಿರ ಹೋಗಿ ಕೇಳಿದೆ. "ಮಧ್ಯಾಹ್ನದ ಟ್ರಿಪ್ಪಲ್ಲಿ ತಗೊಂಡ್ಹೋಗಿ. ಆದ್ರೆ ಹೆಣದ ಜೊತೆ ಬೇರೆ ಪ್ಯಾಸೆಂಜರ್ ಬೇಡ, ಆಮೇಲೆ ಕಂಪ್ಲೇಂಟು ಬರುತ್ತೆ. ನೀವು ಕ್ರೂ ಇಬ್ಬರೇ ಹೋಗಿ ಬನ್ನಿ. ಒಂದು ಫುಲ್ ಟಿಕೆಟ್ ಹರೀರಿ," ಎಂದರು.

"ಯಾರಿಗೆ ಸಾರ್ ಟಿಕೆಟ್ಟು?"

"ನಿಮ್ಮ ತಾಯಿಗೆ. ಸೀಟು ಆಕ್ರಮಿಸ್ತಾರಲ್ಲ."

ನಮ್ಮವ್ವನಿಗೆ ನಾನೇ ಟಿಕೆಟ್ ಹರಿದೆ. ಎಲ್ಲಿಡಬೇಕೆಂದು ತಿಳಿಯದೆ ಅವಳ ಸೆರಗಿನ ತುದಿಗೆ ಗಂಟು ಹಾಕಿದೆ. ಭಾವ ಬಸ್ಸಿನ ಬಾಗಿಲ ತನಕ ಬಂದು ನಿಂತ. "ನೀನು ಮಗ, ನೀನು ಹೋಗು. ಇವತ್ತು ನಮ್ಮನೆ ಸರದಿ ಕಣೋ, ಬೆಳಿಗ್ಗೆ ಹತ್ತೋರು ಹತ್ತಿ ಬಂದವ್ರೆ, ಸಂಜೆ ಇಳಿಯೋನು ನಾನೇ. ಆಸ್ಪತ್ರೆ ಹಾಸಿಗೆ ಬಟ್ಟೆ ಕಟ್ಕೊಂಡು ಸಂಜೆ ಬಸ್ಸಿಗೆ ಬತ್ತೀನಿ," ಎಂದ. ಬೆಳಿಗ್ಗೆ ಹತ್ತಿ ಬಂದಿದ್ದ ನಾಲ್ಕಾರು ಜನವೂ ಸಂಜೆಗೇ ಹೊರಡುವವರಿದ್ದರು.

ನಮ್ಮ ಡ್ರೈವರ್ ಜವರಯ್ಯ ಆ ದಿನ ಒಂದು ಗುಂಡಿಗೂ ಚಕ್ರ ಇಳಿಸದೆ ಬಸ್ಸು ಹೊಡೆದ. ಸುಣ್ಣದಗೂಡಿನ ಸ್ಟಾಪಿನಲ್ಲಿ ಕೇರಿಗೆ ಕೇರಿಯೇ ನಿಂತಿತ್ತು. ಅವ್ವನನ್ನು ಎತ್ತಿ ಇಳಿಸಿದರು. ಯಾರೋ ಒಬ್ಬ ಯಜಮಾನ, "ಇವತ್ತೂ ನಮ್ ಕೆಂಚಮ್ಮನೇ ಬಂದು ಇಳಿದ್ಲು ನೋಡ್ರಪ್ಪ. ಸತ್ತ ಮೇಲೂ ಸರದಿ ಬಿಡ್ಲಿಲ್ಲ," ಎಂದ. ಹೆಂಗಸರು ಇನ್ನೂ ಜೋರಾಗಿ ಅತ್ತರು. ಆ ಮಾತು ಎಲ್ಲರಿಗೂ ಹಿತವಾಯಿತು. ಅವಳ ಪಾದಗಳನ್ನು ಸ್ಟಾಪಿನ ಕಲ್ಲಿಗೆ ತಾಗಿಸಿ, ಆಮೇಲೆ ಹೊತ್ತುಕೊಂಡು ಹೋದರು.

ಮಣ್ಣು ಮಾಡಿ ಬರುವಾಗ ಅಕ್ಕ ನನ್ನ ಅಂಗಿ ಹಿಡಿದುಕೊಂಡಳು. "ಇರೋ ದೊರೆ, ಒಂದು ರಾತ್ರಿ ಇದ್ದು ಹೋಗೋ. ನಿಮ್ ಭಾವನೂ ಇಲ್ಲ, ಮನೆ ಭಣ ಭಣ ಅಂತದೆ."

"ಬಸ್ಸು ಯಾರು ತಗೊಂಡೋಗ್ತಾರಕ್ಕ? ಸಂಜೆಗೆ ಭಾವ ಬತ್ತಾನೆ. ನಾನು ಬೆಳಿಗ್ಗೆ ಮೊದಲನೇ ಟ್ರಿಪ್ಪಿಗೆ ಬತ್ತೀನಿ."

"ಬರ್ತಾ ಮಗೀಗೆ ಬನ್ನು ತತ್ತಾ," ಎಂದಳು.

ಡಿಪೋಗೆ ಬಂದು ಬಸ್ಸು ನಿಲ್ಲಿಸಿದಾಗ ಶೇಷಗಿರಿ ಕಿಟಕಿಯಿಂದ ಕೇಳಿದರು. "ಏನಪ್ಪ, ಇಳಿಸಿದ್ರಾ?"

"ಇಳಿಸಿದ್ವಿ ಸಾರ್."

"ಟಿಕೆಟ್ ಹರಿದಿದ್ದೀಯಲ್ಲ?"

"ಹರಿದಿದ್ದೀನಿ."

"ಹಂಗಾದ್ರೆ ಇವತ್ತಿನ ಇಳಿಯೋದು ಆಯ್ತು. ಹತ್ತೋದು ಬೆಳಿಗ್ಗೆನೇ ಆಗಿದೆ. ಸಂಜೆ ಟ್ರಿಪ್ ಕ್ಯಾನ್ಸಲ್. ಐದಾರು ಜನಕ್ಕೋಸ್ಕರ ಯಾಕೆ ಡೀಸೆಲ್ ಸುಡೋದು, ಅವರು ನಾಳೆ ಹೋಗ್ಲಿ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿಟಕಿಯ ಸರಳು ಹಿಡಿದುಕೊಂಡು ಕೂಗಾಡಿದೆ. "ಸಾರ್, ಅವಳು ಸತ್ತಿದ್ಲು. ಹೆಣ ಸಾರ್ ಅದು. ಹೆಣ ಇಳಿಯುತ್ತಾ?"

"ಟಿಕೆಟ್ ಹರಿದ್ರೆ ಪ್ಯಾಸೆಂಜರ್. ಬದುಕಿರಬೇಕು ಅಂತ ಕಂಪನಿ ರೂಲ್ಸಲ್ಲಿ ಎಲ್ಲಿದೆ ತೋರಿಸು."

ಜವರಯ್ಯ ನನ್ನ ಸೊಂಟ ಹಿಡಿದು ಎಳೆದ. "ಸುಮ್ಕಿರ್ಲಾ ದೊರೆ. ನಿಮ್ಮವ್ವ ಜೀವಮಾನ ಪೂರ್ತಿ ಅಲ್ಲೇ ಇಳಿದೋಳು. ಅವಳು ಇಳಿದಿದ್ದು ಲೆಕ್ಕಕ್ಕೆ ಬರದೆ ಇನ್ಯಾರದು ಬರ್ತದೆ? ದಾರಿಗೂ ಕಣ್ಣಿಲ್ವಾ?" ಎಂದ. ಅವನು ಅದನ್ನು ನಂಬಿಯೇ ಹೇಳಿದ. ಅಲ್ಲಿ ಸುಣ್ಣದಗೂಡಿನವರು ಪ್ರೀತಿಯಿಂದ ನಂಬಿದರು, ಇಲ್ಲಿ ಕಂಪನಿಯವರು ಜಿಪುಣತನದಿಂದ ನಂಬಿದರು. ಎರಡೂ ಸೇರಿದರೆ ಒಬ್ಬ ಕಂಡಕ್ಟರನ ಕೂಗು ಯಾರಿಗೆ ಕೇಳುತ್ತದೆ? ಬಸ್ಸಿನ ಬೀಗದ ಕೈ ಆಗಲೇ ಶೇಷಗಿರಿಯವರ ಡ್ರಾಯರಿನಲ್ಲಿತ್ತು. ಭಾವ ಹಾಸಿಗೆಯ ಗಂಟು ಮಡಿಲಲ್ಲಿಟ್ಟುಕೊಂಡು ಡಿಪೋ ಕಟ್ಟೆಯ ಮೇಲೆ ಕೂತಿದ್ದ. ಹೇಳಿದೆ. ತಲೆ ಅಲ್ಲಾಡಿಸಿದ. ಎದ್ದು ಹೋಗಲಿಲ್ಲ.

ಬೆಳಿಗ್ಗೆ ನಾನು ಬನ್ನು ಕೊಂಡು ಚೀಲಕ್ಕೆ ಹಾಕಿಕೊಂಡೆ. ಭಾವ, ಸರದಿಯವರು, ಎಲ್ಲರೂ ಹತ್ತಿದರು. ಹತ್ತಿಯ ಗಿರಣಿ ದಾಟಿದೆವು, ಹಾಳು ಬಾವಿ ದಾಟಿದೆವು. ಅಲ್ಲಿಂದ ಒಂದು ತಿರುವು, ತಿರುಗಿದ ಕೂಡಲೇ ಗಾಜಿನ ಮೇಲೆ ಬಿಳಿ ಧೂಳು ಕೂರಬೇಕು. ತಿರುಗಿದೆವು. ಎದುರಿಗೆ ಡಿಪೋ ಗೇಟು, ಗೇಟಿನ ಪಕ್ಕದ ಚಹಾ ಅಂಗಡಿ, ನಾವು ಹೊರಡುವಾಗ ಹಲ್ಲುಜ್ಜುತ್ತಿದ್ದ ವಾಚ್‌ಮನ್ ಇನ್ನೂ ಹಲ್ಲುಜ್ಜುತ್ತಿದ್ದ. ಒಬ್ಬಳು ಹೆಂಗಸು ನಕ್ಕಳು. "ಎಲ್ಲೋ ದಾರಿ ತಪ್ಪಿದ್ವಿ, ಇನ್ನೊಂದ್ಸಲ ಹೋಗ್ರಣ್ಣ," ಎಂದಳು. ಜವರಯ್ಯ ಬಸ್ಸು ತಿರುಗಿಸಿದ. ಮತ್ತೆ ಗಿರಣಿ, ಮತ್ತೆ ಬಾವಿ, ಮತ್ತೆ ಗೇಟು. ಡೀಸೆಲ್ ಮುಗಿಯುವವರೆಗೂ ಹೊಡೆದ. ಶೇಷಗಿರಿ ಆಫೀಸಿನಿಂದ ಹೊರಗೆ ಬಂದು ನಿಂತಿದ್ದರು. ಆ ದಿನ ಮಾತ್ರ ಡೀಸೆಲ್ಲಿನ ಬಗ್ಗೆ ಏನೂ ಅನ್ನಲಿಲ್ಲ.

ಹೀಗೆ ನನ್ನ ಅಕ್ಕ ಆ ಕಡೆ, ಅವಳ ಗಂಡ ಈ ಕಡೆ. ಕಂಪನಿ ಒಂದು ಬೋರ್ಡು ಹಾಕಿತು, ಒಂಬತ್ತನೇ ನಂಬರು ತಾತ್ಕಾಲಿಕವಾಗಿ ಇರುವುದಿಲ್ಲ ಎಂದು. ಸಣ್ಣ ಧಣಿ ಬಂದು, ಜನ ಸರದಿಯನ್ನು ಸರಿಯಾಗಿ ಪಾಲಿಸದೆ ಹೀಗಾಯಿತು, ವಿಷಾದದ ಸಂಗತಿ ಎಂದು ಭಾಷಣ ಮಾಡಿ ಹೋದ. ಈ ಕಡೆ ಉಳಿದ ಸುಣ್ಣದಗೂಡಿನವರು ಡಿಪೋದ ಹಿಂದಿನ ಶೆಡ್ಡಿನಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಭಾವ ನಮ್ಮ ಮನೆಯಲ್ಲಿ ಮಲಗುತ್ತಿದ್ದ, ಕೂಲಿ ಸಿಕ್ಕಿದ ದಿನ ಅಕ್ಕಿ ತರುತ್ತಿದ್ದ, ಸಿಗದ ದಿನ ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ಕುಡಿದು ಬಂದು ಬಯ್ಯುತ್ತಿದ್ದೆ. "ಅವತ್ತು ಡ್ರಾಯರ್ ಒಡೆದು ಬೀಗದ ಕೈ ಕಿತ್ಕೋಬೇಕಿತ್ತು ನೀನು. ಹೆಂಡ್ತಿ ಮಗು ಆ ಕಡೆ ಇದ್ದೋನು ಹಂಗೆ ಕೂತಿರ್ತಾನಾ?" ಅವನು ತಲೆ ಅಲ್ಲಾಡಿಸುತ್ತಿದ್ದ. ನಾನು ತಟ್ಟೆ ಎಸೆಯುತ್ತಿದ್ದೆ, ಅವನು ಅನ್ನ ಆರಿಸುತ್ತಿದ್ದ.

ವರ್ಷ ತಿರುಗಿತು. ಒಂದು ಬೆಳಿಗ್ಗೆ ಜವರಯ್ಯ ಖಾಲಿ ಬಸ್ಸು ತೊಳೆಸಿಕೊಂಡು ಬರುವಾಗ ಹಾಳು ಬಾವಿಯ ಆಚೆ ತಿರುವು ಕಂಡಿದ್ದ. ಅದೇ ಜಾಗ. ಓಡಿ ಬಂದು ಹೇಳಿದ. ಶೆಡ್ಡಿನವರೆಲ್ಲ ಒಲೆಯ ಮೇಲಿನ ಗಡಿಗೆ ಹಾಗೇ ಬಿಟ್ಟು ಬಂದರು. ನಾನು ಚೀಲದ ಪಟ್ಟಿ ತಿರುಗುಮುರುಗು ಹಾಕಿಕೊಂಡಿದ್ದೆ, ಭಾವ ಸರಿಮಾಡಿದ. ಅಷ್ಟರಲ್ಲಿ ಸಣ್ಣ ಧಣಿಯ ಕಾರು ಬಂತು, ಹಿಂದೆಯೇ ಹೂವಿನ ಹಾರ ಬಂತು. ಹೊಸ ದಾರಿ ಎಂದರೆ ಹೊಸ ಜಾಗ, ಹೊಸ ಜಾಗ ಎಂದರೆ ಕಂಪನಿಯದು. ಧಣಿಯೂ ಶೇಷಗಿರಿಯೂ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಮ್ಮವರು. ತಿರುಗಿದೆವು. ಗಾಜಿನ ಮೇಲೆ ಧೂಳು ಕೂತಿತು, ಆದರೆ ಕೆಂಪು ಧೂಳು. ಮುಂದೆ ಬಯಲು. ಒಂದು ಮನೆ ಇಲ್ಲ, ಮರ ಇಲ್ಲ, ಗೂಡಿನ ಹೊಗೆ ಇಲ್ಲ. ಬರೀ ಲಂಟಾನದ ಪೊದೆಗಳು. ದಾರಿ ಮುಗಿದ ಕಡೆ ಜವರಯ್ಯ ಬಸ್ಸು ನಿಲ್ಲಿಸಿದ.

"ಬ್ಯೂಟಿಫುಲ್," ಎಂದ ಸಣ್ಣ ಧಣಿ. "ಚೌಡಪ್ಪ ನಗರ. ಇಳೀರಪ್ಪ ಎಲ್ಲಾ, ಇಳಿದು ದಾರಿ ಗಟ್ಟಿ ಮಾಡಿ."

ಯಾರೂ ಏಳಲಿಲ್ಲ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಹುಡುಕಿಕೊಂಡು ಬಂದ ಊರು ಅಲ್ಲಿರಲಿಲ್ಲ, ಅಷ್ಟೆ. ಆದರೆ ನನಗೆ ಥಟ್ಟನೆ ಹೊಳೆಯಿತು. "ಯಾರೂ ಇಳೀಬೇಡ್ರಿ," ಎಂದೆ. "ಇವತ್ತು ಯಾರೂ ಇಳಿಯದಿದ್ರೆ ನಾಳೆ ಇವರ ನಗರ ಇರಲ್ಲ."

ಧಣಿ ಎದ್ದು ನಿಂತ. "ನೋಡಿ, ಮೊದಲು ಇಳಿದವರಿಗೆ ಒಂದೊಂದು ಸೈಟು ಬಿಟ್ಟಿ. ಮೂವತ್ತು ನಲವತ್ತು. ನಿಮಗೂ ಊರಾಯ್ತು."

"ನಮಗೆ ಊರು ಅದೆ ಸ್ವಾಮಿ," ಎಂದ ಭಾವ. ಅಷ್ಟು ಜನರ ಎದುರು ಅವನು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಧಣಿಗಳೇ ಇಳೀಬಹುದಲ್ಲ," ಎಂದ ಜವರಯ್ಯ, ಕನ್ನಡಿಯಲ್ಲಿ ನೋಡುತ್ತಾ.

ಸಣ್ಣ ಧಣಿ ಬಯಲನ್ನು ನೋಡಿದ, ವಾಚು ನೋಡಿಕೊಂಡ. ಆಮೇಲೆ, "ಶೇಷಗಿರಿ, ನೀವು ಇಳೀರಿ. ಸಂಜೆ ಬಸ್ಸಿಗೆ ಹತ್ತಿ ಬನ್ನಿ. ಇಳಿದದ್ದೂ ಆಯ್ತು, ಹತ್ತಿದ್ದೂ ಆಯ್ತು," ಎಂದ.

ಶೇಷಗಿರಿಯ ಮುಖ ಸುಣ್ಣವಾಯಿತು. "ಸರ್, ನಾನು ಸ್ಟಾಫು..."

"ಟಿಕೆಟ್ ಹರಿದ್ರೆ ಪ್ಯಾಸೆಂಜರ್," ಎಂದು ನಾನು ಟಿಕೆಟ್ ಹರಿದು ಅವರ ಜೇಬಿಗೆ ತುರುಕಿದೆ. ಅವರು ಸರಳು ಹಿಡಿದುಕೊಂಡು ಮೆಲ್ಲಗೆ ಇಳಿದರು. ಇಳಿದು ನನ್ನ ಕಡೆ ತಿರುಗಿ, "ಸಂಜೆ ಬರ್ತೀರಲ್ಲಪ್ಪ ದೊರೆಸ್ವಾಮಿ?" ಎಂದರು. ಅವರು ನನ್ನ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಸೀಟಿ ಊದಿದೆ.

ಡಿಪೋಗೆ ಬಂದ ಮೇಲೆ ಸುದ್ದಿ ಹರಡಿತು. ಎಲ್ಲಾ ನಂಬರಿನ ಡ್ರೈವರು ಕಂಡಕ್ಟರುಗಳು ಬಂದು ನಮ್ಮ ಸುತ್ತ ನಿಂತರು. ಹೋಗಬೇಡ್ರಲಾ ಎಂದರು ಅರ್ಧ ಜನ. ಉಳಿದರ್ಧ ಜನ ನೆಲ ನೋಡುತ್ತಿದ್ದರು. ನಾವು ಹೋಗದಿದ್ದರೆ ಬೇರೆ ಯಾರೂ ಹೋಗುವುದಿಲ್ಲ ಎಂದು ಮಾತಾಯಿತು. ಸಣ್ಣ ಧಣಿ ಕೆಲಸದಿಂದ ತೆಗೆಯುತ್ತೇನೆಂದ, ಆಮೇಲೆ ಸಂಬಳ ಏರಿಸುತ್ತೇನೆಂದ, ಆಮೇಲೆ ಆಫೀಸಿನ ಬಾಗಿಲು ಹಾಕಿಕೊಂಡ. ಜವರಯ್ಯ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟ. "ನಿನ್ ಅಕ್ಕ, ನಿನ್ ಅವ್ವ. ನೀನು ಹೇಳಿದಂಗೆ. ಹೊಡಿ ಅಂದ್ರೆ ಹೊಡೀತೀನಿ, ಬ್ಯಾಡ ಅಂದ್ರೆ ಮನೆಗೋಗಿ ಉಂಡು ಮಲಗ್ತೀನಿ."

ಆ ಬೀಗದ ಕೈ ಎಷ್ಟು ಬೆಚ್ಚಗಿತ್ತೆಂದರೆ ಇವತ್ತಿಗೂ ಅಂಗೈ ನೋಡಿಕೊಳ್ಳುತ್ತೇನೆ. ಕಂಪನಿಯ ಕತ್ತು ನನ್ನ ಕೈಗೆ ಸಿಕ್ಕಿತ್ತು. ಹೋಗದಿದ್ದರೆ ಚೌಡಪ್ಪ ನಗರ ಹುಟ್ಟುವ ಮೊದಲೇ ಸಾಯುತ್ತದೆ. ನಮ್ಮನ್ನು ಹೀಗೆ ಮಾಡಿದ ಮನುಷ್ಯ ಅಲ್ಲೇ, ಆ ಪೊದೆಗಳ ನಡುವೆ, ನನ್ನ ಅಕ್ಕನ ಹಾಗೆ ದಾರಿ ಕಾಯುತ್ತಾ ಇರುತ್ತಾನೆ. ಇರಲಿ ಅನ್ನಿಸಿತು. ನಿಜವಾಗಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಹೆಂಗಸು ಗೇಟಿನಿಂದ ಒಳಗೆ ಬಂದರು. ಕೈಯಲ್ಲಿ ಒಂದು ಫ್ಲಾಸ್ಕು, ಒಂದು ಸ್ವೆಟರು. ಶೇಷಗಿರಿಯವರ ಹೆಂಡತಿ ಎಂದು ವಾಚ್‌ಮನ್ ಪಿಸುಗುಟ್ಟಿದ. ಅವರಿಗೆ ಯಾರೋ ಅರ್ಧಂಬರ್ಧ ಹೇಳಿದ್ದರು ಅನ್ನಿಸುತ್ತದೆ. ನೇರವಾಗಿ ನನ್ನ ಹತ್ತಿರವೇ ಬಂದರು, ಚೀಲ ನೋಡಿ.

"ಒಂಬತ್ತು ಎಷ್ಟು ಹೊತ್ತಿಗೆ ಬರುತ್ತೆ ಅಣ್ಣಾ? ನಮ್ಮನೆಯವರು ಅದರಲ್ಲಿ ಬರ್ತಾರಂತೆ. ಬೆಳಿಗ್ಗೆ ಗಾಳಿಗೆ ಮೈ ಒಡ್ಡಿದ್ರೆ ಅವರಿಗೆ ಸಂಜೆ ಕೆಮ್ಮು ಶುರುವಾಗುತ್ತೆ."

ನಾನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಅವರು ಸುತ್ತ ನೋಡಿ, ಹೋಗಿ ಕಟ್ಟೆಯ ಮೇಲೆ ಕೂತರು. ಭಾವ ಅಲ್ಲೇ ಕೂತಿದ್ದ. ಅವನು ಸರಿದು ಜಾಗ ಕೊಟ್ಟ. ಹೆಗಲ ಮೇಲಿನ ಟವೆಲ್ಲಿನಿಂದ ಕಟ್ಟೆಯ ಧೂಳು ಒರೆಸಿಕೊಟ್ಟ. ಸ್ವಲ್ಪ ಹೊತ್ತು ಇಬ್ಬರೂ ಗೇಟಿನ ಕಡೆ ನೋಡುತ್ತಾ ಕೂತಿದ್ದರು. ಆಮೇಲೆ ಭಾವ ಎದ್ದು ಬಂದು ಬಸ್ಸು ಹತ್ತಿ ತನ್ನ ಮಾಮೂಲಿ ಸೀಟಿನಲ್ಲಿ ಕೂತ.

ನಾನು ಒಳಗೆ ನುಗ್ಗಿದೆ. "ಭಾವ, ನಿಂಗೇನಾದ್ರೂ ರೋಷ ಅದಾ? ರಕ್ತ ಅದಾ ಇಲ್ಲ ನೀರಾ?"

"ಅದೆ ಕಣೋ."

"ಇದ್ರೆ ಇಳಿ ಕೆಳಗೆ!"

"ನಾವು ಹೋಗದಿದ್ರೆ ಆಯಮ್ಮ ನಾಳೆನೂ ಬಂದು ಅಲ್ಲೇ ಕೂರ್ತಾರೆ," ಎಂದ ಅವನು. "ನಾಡಿದ್ದೂ ಬತ್ತಾರೆ. ದಿನಾ ಫ್ಲಾಸ್ಕ್ ತುಂಬ್ಕೊಂಡು ಬತ್ತಾರೆ. ನನ್ ಪಕ್ಕ ಕೂತ್ಕೊಂಡು, ಒಂಬತ್ತು ಎಷ್ಟೊತ್ತಿಗೆ ಅಂತಾರೆ. ನಾನೇನು ಹೇಳ್ಲಿ ಹೇಳು ದೊರೆ? ನನ್ ಕೈಲಾಗಲ್ಲ."

ಅವನಿಗೆ ಹೊಡೆಯಲು ಎತ್ತಿದ ಕೈಯನ್ನು ಸೀಟಿನ ಕಂಬಿಗೆ ಹೊಡೆದೆ. ಗೆಣ್ಣು ಒಡೆಯಿತು. ಬೀಗದ ಕೈಯನ್ನು ಜವರಯ್ಯನ ಕಡೆ ಎಸೆದೆ. ಅವನು ಹತ್ತಿ ಬಸ್ಸು ಹೊರಡಿಸಿದ.

ಬಯಲಿನಲ್ಲಿ ಶೇಷಗಿರಿ ಇಳಿದ ಜಾಗದಲ್ಲೇ ನಿಂತಿದ್ದರು. ಒಂದು ಹೆಜ್ಜೆಯೂ ಆಚೀಚೆ ಸರಿದ ಗುರುತಿಲ್ಲ, ಸರಿದರೆ ದಾರಿ ತಪ್ಪುತ್ತದೆಂದು ಹೆದರಿದ್ದರೋ ಏನೋ. ಶೂ ಬಿಚ್ಚಿ ಪಕ್ಕಕ್ಕಿಟ್ಟುಕೊಂಡಿದ್ದರು. ತುಟಿ ಒಣಗಿತ್ತು. ಬಸ್ಸು ಕಂಡರೂ ಕೈ ಅಡ್ಡ ಮಾಡಲಿಲ್ಲ. ನಾನು ಬಾಗಿಲು ತೆಗೆದೆ. ಅವರು ಶೂ ಕೈಯಲ್ಲಿ ಹಿಡಿದುಕೊಂಡು, ಬರಿಗಾಲನ್ನು ಫುಟ್‌ಬೋರ್ಡಿನ ಮೇಲಿಟ್ಟರು.

ಆ ಕಾಲು ಅಲ್ಲಿ ಬಿದ್ದ ಕ್ಷಣವೇ ದಾರಿ ಗಟ್ಟಿಯಾಯಿತು. ನನಗೆ ಗೊತ್ತಾಯಿತು. ಈಗ ಚೌಡಪ್ಪ ನಗರದಲ್ಲಿ ಬೇಕರಿ ಇದೆ, ನರ್ಸರಿ ಸ್ಕೂಲಿದೆ, ಗೇಟು ಕಾಂಪೌಂಡಿನ ಮನೆಗಳಿವೆ, ಅವಕ್ಕೆಲ್ಲ ಡಬ್ಬದ ಬಣ್ಣ. ಬಸ್ಸು ಹತ್ತು ನಿಮಿಷ ತಡವಾದರೆ ಅಲ್ಲಿಯವರು ನನ್ನನ್ನು ಬಯ್ಯುತ್ತಾರೆ. ಒಂಬತ್ತನೇ ನಂಬರು ಕಂಪನಿಗೆ ತುಂಬ ಲಾಭದ್ದು, ಮೈಕಿನಲ್ಲಿ ಮೊದಲು ಅದರ ಹೆಸರೇ ಹೇಳುತ್ತಾರೆ. ಅದಕ್ಕಿಂತ ಮುಂಚೆ ಆ ನಂಬರು ಎಲ್ಲಿಗೆ ಹೋಗುತ್ತಿತ್ತೆಂದು ಕೇಳುವವರು ಕಡಿಮೆ. ಭಾವ ಈಗಲೂ ನಮ್ಮ ಮನೆಯಲ್ಲೇ ಇದ್ದಾನೆ.

ಆ ಸಂಜೆ ಶೇಷಗಿರಿ ಮೆಟ್ಟಿಲ ಮೇಲೆ ನಿಂತು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಿಂದೆ ಕೂತಿದ್ದ ಭಾವನನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ದೊರೆಸ್ವಾಮಿ, ನಿಮ್ಮ ಅಕ್ಕನವರ ವಿಷಯ... ನಾಳೆ ನಾನು ಧಣಿಗಳ ಹತ್ತಿರ..." ಎಂದು ಶುರು ಮಾಡಿದರು.

"ಒಳಗೆ ನಡೀರಿ ಸಾರ್," ಎಂದೆ. "ಬಾಗಿಲಲ್ಲಿ ನಿಲ್ಲಬೇಡಿ."